ಮೂಗಿನೊಳಗಿನ ಇಂಪ್ಲಾಂಟ್ ಮತ್ತು ನಮ್ಮ ಬೆರಳು

ಕೇಳುಗರಿಗೆ ನಮಸ್ಕಾರ.

ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಸಿಲಿಕೋನಿನಂತಹ ಕೃತಕ ವಸ್ತುವಿನ ಇಂಪ್ಲಾಂಟ್ ಇರಿಸಿಕೊಂಡವರಿಗೆ, ಇರಿಸಿಕೊಳ್ಳಲು ದಿನ ಗೊತ್ತುಮಾಡಿಕೊಂಡವರಿಗೆ, ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಇಂದು ನಾನು ಹೇಳಬೇಕಾದುದು ಒಂದೇ ಮಾತು. ಕೈ ಮೂಗಿಗೆ ಹೋಗಬಾರದು. ಈ ಮಾತನ್ನು ನಾನು ಮತ್ತೆ ಮತ್ತೆ ಹೇಳಲಿದ್ದೇನೆ. ಹೊರರೋಗಿ ವಿಭಾಗದಲ್ಲಿ ಎದುರು ಕುಳಿತು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಬಾಗಿಲು ದಾಟುವಾಗಲೇ ಬೆರಳು ಮೂಗಿನ ಮೇಲಿರುತ್ತದೆ.

ಬೈಕಿನಿಂದ ಬಿದ್ದು ಮೂಗಿನ ಸೇತುವೆ ಕುಸಿದವರು, ಹಿಂದೆಂದೋ ಒಳಗೆ ಕೀವು ತುಂಬಿ ಎರಡು ಹೊಳ್ಳೆಗಳ ನಡುಗೋಡೆಯ ಮೃದ್ವಸ್ಥಿ ಕರಗಿಹೋದವರು, ಹುಟ್ಟಿನಿಂದಲೇ ಮೂಗು ತಗ್ಗಾಗಿರುವವರು ನಮ್ಮಲ್ಲಿಗೆ ಬರುತ್ತಾರೆ. ಇಂತಹ ಮೂಗನ್ನು ಎತ್ತರಿಸಲು ರೋಗಿಯದೇ ನಡುಗೋಡೆಯ, ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯನ್ನು ಬಳಸಬಹುದು. ಸೋಂಕಿನ ಭಯ ಅದರಲ್ಲಿ ಕಡಿಮೆ. ಅದು ಸಾಲದಿದ್ದಾಗ ಅಥವಾ ರೋಗಿ ಒಪ್ಪದಿದ್ದಾಗ ಸಿಲಿಕೋನ್, ಗೋರ್-ಟೆಕ್ಸ್ ಅಥವಾ ರಂಧ್ರಗಳುಳ್ಳ ಪಾಲಿಎಥಿಲೀನ್ ಎಂಬ ಕೃತಕ ವಸ್ತುಗಳು ಬಳಕೆಗೆ ಬರುತ್ತವೆ. ಮೂರೂ ಒಳ್ಳೆಯ ವಸ್ತುಗಳೇ. ಆದರೆ ಅವುಗಳಿಗೆ ಸ್ವಂತದ ರಕ್ತಸಂಚಾರವಿಲ್ಲ. ದೇಹದ ಬಿಳಿ ರಕ್ತಕಣಗಳೂ ನಾವು ನುಂಗುವ ಔಷಧವೂ ರಕ್ತದ ಮೂಲಕವೇ ಸಾಗಬೇಕಾದವು. ರಕ್ತ ಹರಿಯದ ಕಡೆಗೆ ಅವು ತಲುಪುವುದು ಕಷ್ಟ.

ಬ್ಯಾಕ್ಟೀರಿಯಾ ಅಲ್ಲಿಗೆ ಸೇರಿದರೆ ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿದಂತೆ ಇಂಪ್ಲಾಂಟಿನ ಮೈಗೆ ಅಂಟಿಕೊಂಡು, ತಮ್ಮ ಸುತ್ತ ಲೋಳೆಯ ಪದರವನ್ನು ಕಟ್ಟಿಕೊಳ್ಳುತ್ತವೆ. ಆ ಪದರದೊಳಗೆ ಆ್ಯಂಟಿಬಯಾಟಿಕ್ ಸರಿಯಾಗಿ ಇಳಿಯುವುದಿಲ್ಲ. ಮಾತ್ರೆ ನುಂಗುವಷ್ಟು ದಿನ ಕೆಂಪು ಇಳಿಯುತ್ತದೆ, ನಿಲ್ಲಿಸಿದ ಕೂಡಲೇ ಮರಳುತ್ತದೆ, ಕೊನೆಗೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಸ್ವಯಂಸೇವಕರ ಚರ್ಮದ ಮೇಲೆ ಒಂದು ಪ್ರಯೋಗ ನಡೆಸಿದರು. ಬರಿಯ ಚರ್ಮದಲ್ಲಿ ಕೀವು ಹುಟ್ಟಿಸಲು ಲಕ್ಷಗಟ್ಟಲೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾಗಳು ಬೇಕಾದವು. ಅಲ್ಲಿ ಒಂದು ರೇಷ್ಮೆಯ ಹೊಲಿಗೆ ದಾರವಿದ್ದರೆ ಕೆಲವು ನೂರು ಸಾಕಾದವು. ಒಂದು ಎಳೆ ದಾರದ ಕಥೆಯೇ ಹೀಗಿರುವಾಗ ಮೂಗಿನ ಉದ್ದಕ್ಕೂ ಕುಳಿತ ಇಂಪ್ಲಾಂಟಿನ ಬಗ್ಗೆ ಎಷ್ಟು ಎಚ್ಚರ ಬೇಕೆಂದು ಯೋಚಿಸಿರಿ. ಇದೇ ಸ್ಟ್ಯಾಫಿಲೋಕಾಕಸ್ ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನ ಹೊಳ್ಳೆಯ ಮುಂಭಾಗದಲ್ಲಿ ಮನೆಮಾಡಿಕೊಂಡಿರುತ್ತದೆ. ಅದನ್ನು ಅಲ್ಲಿಂದ ಹೊಲಿಗೆಯ ಗೆರೆಗೆ ಸಾಗಿಸುವುದು ನಮ್ಮ ಬೆರಳು. ಆದುದರಿಂದಲೇ ಹೇಳುತ್ತೇನೆ, ಕೈ ಮೂಗಿಗೆ ಹೋಗಬಾರದು.

ಇಲ್ಲಿ ನನ್ನ ಒಬ್ಬ ರೋಗಿಯ ಸಂಗತಿಯನ್ನು ಹೇಳಲೇಬೇಕು. ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ. ಅವರು ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದರ ಕಲಾವಿದರು. ಎಳವೆಯಲ್ಲಿ ಬಿದ್ದು ಮೂಗು ಮುರಿದಿತ್ತು, ಸೇತುವೆ ತಗ್ಗಿತ್ತು, ಉಸಿರಾಟಕ್ಕೂ ತೊಂದರೆಯಿತ್ತು. ನಡುಗೋಡೆಯಲ್ಲಿ ಬಳಸುವಷ್ಟು ಮೃದ್ವಸ್ಥಿ ಉಳಿದಿರಲಿಲ್ಲವಾದ್ದರಿಂದ ಪಕ್ಕೆಲುಬಿನಿಂದ ತೆಗೆಯೋಣವೆಂದು ನಾನು ಸೂಚಿಸಿದೆ. "ಡಾಕ್ಟ್ರೇ, ಎದೆಯಲ್ಲಿ ನೋವಿಟ್ಟುಕೊಂಡು ನಾನು ಧೀಂಗಿಣ ಹಾರುವುದು ಹೇಗೆ?" ಎಂದು ಅವರು ಕೇಳಿದರು. ಧೀಂಗಿಣವೆಂದರೆ ರಂಗದಲ್ಲಿ ಸುತ್ತುತ್ತ ಹಾರುವ ಕುಣಿತ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದ ಸಿಲಿಕೋನ್ ಇಂಪ್ಲಾಂಟ್ ಎಂದು ನಿಶ್ಚಯವಾಯಿತು. ಮೇ ತಿಂಗಳ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮರುವಾರವೇ ಶಸ್ತ್ರಚಿಕಿತ್ಸೆ ನಡೆಯಿತು. ಮುಂದಿನ ತಿರುಗಾಟದವರೆಗೆ ತಿಂಗಳುಗಟ್ಟಲೆ ಬಿಡುವಿದೆ ಎಂಬುದೇ ನಮ್ಮ ಲೆಕ್ಕಾಚಾರ.

ಅವರಷ್ಟು ಶಿಸ್ತಿನ ರೋಗಿಯನ್ನು ನಾನು ಕಂಡದ್ದು ಕಡಿಮೆ. ಬೀಡಿ ಬಿಟ್ಟರು, ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದರು, ಸೀನು ಬಂದರೆ ಬಾಯಿ ತೆರೆದು ಸೀನಿದರು. ಮೂಗು ಚೆನ್ನಾಗಿ ಕುಳಿತಿತು. ಐದನೆಯ ವಾರದಲ್ಲಿ ಊರಿನ ಸಭಾಂಗಣವೊಂದರಲ್ಲಿ ಮಳೆಗಾಲದ ಆಟಕ್ಕೆ ಕರೆ ಬಂತು, ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಜನ ಇರಲಿಲ್ಲ, ಸ್ನೇಹಿತರ ಒತ್ತಾಯಕ್ಕೆ ಇವರು ಹೋದರು. ಬಣ್ಣದ ವೇಷವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಮುಖದ ತುಂಬ ಅಕ್ಕಿ ಹಿಟ್ಟು ಮತ್ತು ಸುಣ್ಣದ ಉಬ್ಬುಚುಕ್ಕಿಗಳ ಚಿಟ್ಟಿ, ಮೂಗಿನ ತುದಿಗೆ ಹತ್ತಿ. ಬೆಳಗಿನ ಜಾವ ವೇಷ ಕಟ್ಟುವ ಚೌಕಿಗೆ ಮರಳಿ, ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬೈರಾಸಿನಿಂದ ಬಣ್ಣ ಒರೆಸಿಕೊಂಡರು. ಹೊಳ್ಳೆಯ ಅಂಚಿನಲ್ಲಿ ಕೆಂಪು ಬಣ್ಣ ಉಳಿದಿತ್ತು. ಅದನ್ನು ಕಿರುಬೆರಳಿನ ಉಗುರಿನಿಂದ ಕೆರೆದು ತೆಗೆದರು. ಇಂಪ್ಲಾಂಟ್ ಒಳಗಿಟ್ಟು ಹೊಲಿಗೆ ಹಾಕಿದ್ದ ಜಾಗಕ್ಕೆ ಅಲ್ಲಿಂದ ಕೂದಲೆಳೆಯಷ್ಟೇ ಅಂತರ.

ನಾಲ್ಕನೆಯ ದಿನ ಮೂಗಿನ ತುದಿ ಕೆಂಪಾಯಿತು, ಮುಟ್ಟಿದರೆ ನೋವು. ಅವರು ನನಗೆ ಫೋನ್ ಮಾಡಲಿಲ್ಲ. ಮೇಳದ ಹಿರಿಯರೊಬ್ಬರು ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿಕೊಟ್ಟರು, ಎರಡು ದಿನ ಕಡಿಮೆಯಾಯಿತು, ಮತ್ತೆ ಬಂತು, ಮತ್ತೆ ಅದೇ ಮಾತ್ರೆ. ಮೂರು ವಾರ ಕಳೆದು ಅವರು ಬಂದಾಗ ಹೊಳ್ಳೆಯ ಒಳಗೆ ಚಿಕ್ಕ ತೂತಿನಿಂದ ಕೀವು ಇಳಿಯುತ್ತಿತ್ತು. ದೀಪ ಹಿಡಿದು ನೋಡಿದರೆ ಆ ತೂತಿನಲ್ಲಿ ಸಿಲಿಕೋನಿನ ಬಿಳಿ ಅಂಚು ಕಾಣಿಸುತ್ತಿತ್ತು. ಅದನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ. ತಿಂಗಳುಗಳ ಕಾಲ ಮೂಗು ಹಿಂದಿಗಿಂತಲೂ ಕುಗ್ಗಿ ನಿಂತಿತು, ಆ ಸಾಲಿನ ತಿರುಗಾಟ ತಪ್ಪಿತು, ಕೊನೆಗೆ ಅವರು ಬೇಡವೆಂದಿದ್ದ ಪಕ್ಕೆಲುಬಿನ ಮೃದ್ವಸ್ಥಿಯಿಂದಲೇ ಮೂಗನ್ನು ಮತ್ತೆ ಕಟ್ಟಿದೆವು. ಈಗ ಅವರು ರಂಗದಲ್ಲಿದ್ದಾರೆ, ಧೀಂಗಿಣವನ್ನೂ ಹಾರುತ್ತಾರೆ. ಆದರೆ ಒಂದು ಉಗುರು ಅವರಿಂದ ಒಂದು ವರ್ಷವನ್ನು ಕಸಿದುಕೊಂಡಿತು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಬೇಸರವಾಗುತ್ತದೆ.

ಸಮಯ ಹೆಚ್ಚು ಉಳಿದಿಲ್ಲವಾದ್ದರಿಂದ ಉಳಿದುದನ್ನು ಬೇಗನೆ ಹೇಳುತ್ತೇನೆ. ಶಸ್ತ್ರಚಿಕಿತ್ಸೆಗೆ ಮೊದಲು ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಹುಳುಕು ಹಲ್ಲಿದ್ದರೆ ಚಿಕಿತ್ಸೆ ಆಗಿರಬೇಕು. ಮೂಗಿನ ಮೇಲೆ ಕೀವಿನ ಮೊಡವೆಯೋ, ಜೋರು ಶೀತವೋ ಇದ್ದರೆ ದಿನವನ್ನು ಮುಂದೂಡಬೇಕು. ಮದುವೆ ಗೊತ್ತಾಗಿದೆ, ರಜೆ ಸಿಗುವುದಿಲ್ಲ ಎಂಬ ಕಾರಣಗಳನ್ನು ದಯವಿಟ್ಟು ತರಬೇಡಿರಿ. ಬೀಡಿ ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೂ ನಾಲ್ಕು ವಾರ ಅನಂತರವೂ ಬಿಡಬೇಕು, ಏಕೆಂದರೆ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಸಂಕುಚಿಸಿ ಗಾಯ ಮಾಗದಂತೆ ಮಾಡುತ್ತದೆ. ನಶ್ಯ ಏರಿಸುವವರಿಗೂ ಈ ಮಾತು ಸೇರಿದೆ. ಹೊಳ್ಳೆಯ ಸ್ಟ್ಯಾಫಿಲೋಕಾಕಸ್ ತಗ್ಗಿಸಲು ಮ್ಯುಪಿರೋಸಿನ್ ಮುಲಾಮು ಬೇಕೇ ಎಂದು ನಿಮ್ಮ ಶಸ್ತ್ರವೈದ್ಯರನ್ನು ಕೇಳಿರಿ. ಕತ್ತರಿ ತಾಗಿಸುವ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡುವುದು, ಇಂಪ್ಲಾಂಟನ್ನು ಹೊಸ ಗ್ಲೌಸಿನಲ್ಲಿ ಕೊನೆಯ ಗಳಿಗೆಯಲ್ಲಿ ಮಾತ್ರ ಮುಟ್ಟುವುದು ನಮ್ಮ ಕರ್ತವ್ಯ. ಅದನ್ನು ನಾವು ಮಾಡುತ್ತೇವೆ. ಮಾತ್ರೆಯನ್ನು ಇನ್ನೂ ಒಂದು ವಾರ ಹೆಚ್ಚಿಗೆ ಬರೆದುಕೊಡಿ ಎಂದು ಕೇಳುವವರು ಬಹಳ. ಹೆಚ್ಚು ದಿನ ನುಂಗಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ. ಬೆರಳನ್ನು ದೂರವಿಟ್ಟರೆ ಸಿಗುತ್ತದೆ.

ಮನೆಗೆ ಹೋದ ಮೇಲೆ ಹೊಳ್ಳೆಯಲ್ಲಿ ಹಕ್ಕಳೆ ಕಟ್ಟುತ್ತದೆ, ತುರಿಕೆ ಬರುತ್ತದೆ. ಹೇಳಿಕೊಟ್ಟಂತೆ ಸಲೈನ್ ಸಿಂಪಡಿಸಿ, ಸೋಪಿನಲ್ಲಿ ಕೈ ತೊಳೆದುಕೊಂಡು ಹೊರಗೆ ಬಂದದ್ದನ್ನಷ್ಟೇ ಒರೆಸಿರಿ, ಒಳಗಿನದನ್ನು ಕೀಳಬೇಡಿರಿ. ಮೂಗು ಊದಿ ಸಿಂಬಳ ತೆಗೆಯಬೇಡಿರಿ. ಅಜ್ಜಿ ಹೇಳಿದರೆಂದು ಎಣ್ಣೆ ಬಿಡುವುದೂ, ಪಾತ್ರೆಗೆ ಮುಖವೊಡ್ಡಿ ಹಬೆ ಹಿಡಿಯುವುದೂ ಬೇಡ. ಶಸ್ತ್ರಚಿಕಿತ್ಸೆಯಾದ ಮೂಗಿನ ಚರ್ಮ ಕೆಲಕಾಲ ಜೋಮು ಹಿಡಿದಿರುವುದರಿಂದ ಸುಟ್ಟರೂ ತಿಳಿಯುವುದಿಲ್ಲ. ದೇವಸ್ಥಾನದ ಕೆರೆಯಲ್ಲಿ ಮುಳುಗುವುದೂ, ಪಣಂಬೂರಿನಲ್ಲಿಯೋ ಮಲ್ಪೆಯಲ್ಲಿಯೋ ಸಮುದ್ರ ಸ್ನಾನವೂ ವೈದ್ಯರು ಒಪ್ಪುವ ತನಕ ನಿಲ್ಲಲಿ. ಮೂಗುಬೊಟ್ಟನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಳಚಿರಿ, ಮತ್ತೆ ತೊಡುವ ದಿನವನ್ನು ವೈದ್ಯರು ಹೇಳಲಿ, ಹೊಸದಾಗಿ ಮೂಗು ಚುಚ್ಚಿಸುವ ಆಲೋಚನೆಯನ್ನು ಬಿಟ್ಟುಬಿಡಿರಿ.

ಒಂದು ವರ್ಷ ದಾಟಿತು, ಇನ್ನು ಭಯವಿಲ್ಲ ಎಂದುಕೊಳ್ಳಬೇಡಿರಿ. ಇಂಪ್ಲಾಂಟ್ ಇರುವಷ್ಟು ಕಾಲವೂ, ಹಲವು ವರ್ಷಗಳ ಬಳಿಕವೂ, ಮೂಗಿಗೆ ಬಿದ್ದ ಪೆಟ್ಟಿನಿಂದ, ಹಿಚುಕಿದ ಮೊಡವೆಯಿಂದ, ಕಿತ್ತ ಒಂದು ಮೂಗಿನ ಕೂದಲಿನಿಂದ ಸೋಂಕು ತಗಲಬಹುದು. ಆಗಲೂ ಅದೇ ಮಾತು, ಕೈ ಮೂಗಿಗೆ ಹೋಗಬಾರದು.

ಶಸ್ತ್ರಚಿಕಿತ್ಸೆಯಾಗಿ ಮೂರು ದಿನಗಳ ಬಳಿಕ ಇಳಿಯಬೇಕಾದ ಬಾವು ಏರುತ್ತಿದ್ದರೆ, ತುದಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಕೀವಿನ ವಾಸನೆ ಬಂದರೆ, ಚರ್ಮ ತೆಳುವಾಗಿ ಹೊಳೆಯುತ್ತ ಒಳಗಿನ ಇಂಪ್ಲಾಂಟಿನ ಆಕಾರ ಕಾಣತೊಡಗಿದರೆ ಆ ದಿನವೇ ಶಸ್ತ್ರವೈದ್ಯರ ಬಳಿಗೆ ಹೋಗಿರಿ. ರಾತ್ರಿಯಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿರಿ. ಇಂಪ್ಲಾಂಟಿನ ಹೆಸರು ಮತ್ತು ಸಂಖ್ಯೆ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿರುತ್ತಾರೆ. ಇಲ್ಲದಿದ್ದರೆ ಕೇಳಿ ಅಂಟಿಸಿಕೊಳ್ಳಿರಿ. ಆ ಕಾಗದವನ್ನು ಜೊತೆಗೆ ಒಯ್ದು, ಮೂಗಿನೊಳಗೆ ಇಂಪ್ಲಾಂಟ್ ಇದೆ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಿರಿ.

ನಮಸ್ಕಾರ.