ಬಂದ ಸಂಚಿಕೆಯನ್ನು ಲೈಬ್ರರಿ ಇನ್ನೂ ಬರೆದಿಡಬೇಕಾ?

[ತೆರೆಯ ಮೇಲೆ: ಒಂದು ಚೆಕ್-ಇನ್ ಕಾರ್ಡ್, ತುಂಬ ಹತ್ತಿರದಿಂದ]

ನಮಸ್ಕಾರ. ಈ ಕಾರ್ಡ್ ಸ್ವಲ್ಪ ನೋಡಿ. ಎಡಗಡೆ ಮೇಲಿಂದ ಕೆಳಕ್ಕೆ ವರ್ಷಗಳು. ಮೇಲ್ಗಡೆ ಅಡ್ಡಕ್ಕೆ ಜನವರಿಯಿಂದ ಡಿಸೆಂಬರ್. ಲೈಬ್ರರಿಗೆ ಒಂದು ಮಾಸಪತ್ರಿಕೆ ಬಂತು ಅಂದರೆ ಅದರ ತಿಂಗಳ ಮನೆಯಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ತಾರೀಖು ಬರೆಯುತ್ತಾರೆ. ಏಪ್ರಿಲ್ ತುಂಬಿದೆ. ಜೂನ್ ತುಂಬಿದೆ. ಮೇ ಖಾಲಿ.

ಈ ಕಾರ್ಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇರುವುದು ಆ ಖಾಲಿ ಮನೆಯಲ್ಲಿ.

ಹೀಗೆ ಬರೆದಿಡುವುದಕ್ಕೆ ಚೆಕ್-ಇನ್ ಅಂತಾರೆ. ಅಚ್ಚಾದ ನಿಯತಕಾಲಿಕಗಳು ಬಂದದ್ದನ್ನು ಲೈಬ್ರರಿಗಳು ಇನ್ನೂ ಹೀಗೆ ಒಂದೊಂದಾಗಿ ದಾಖಲಿಸಬೇಕಾ, ಇಲ್ಲ ಕೈಬಿಡಬಹುದಾ ಅನ್ನುವುದು ಇವತ್ತಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ. ಕೆಲವಕ್ಕೆ ಬೇಕೇ ಬೇಕು, ಬಹಳಷ್ಟಕ್ಕೆ ಬೇಡ. ಆದರೆ ಬಂದದ್ದನ್ನೆಲ್ಲ ಶ್ರದ್ಧೆಯಿಂದ ಬರೆದು, ಬಾರದೇ ಇರುವುದನ್ನು ಯಾರೂ ನೋಡದೇ ಇದ್ದರೆ ಆ ಶ್ರಮವೆಲ್ಲ ನೀರುಪಾಲು.

[ತೆರೆಯ ಮೇಲೆ: ಟಪಾಲು ಕವರ್ ಒಡೆಯುವ ಕೈಗಳು]

ಕೆಲಸ ಹೇಗೆ ನಡೆಯುತ್ತೆ ಅಂತ ನೋಡೋಣ. ಕವರ್ ಒಡೆಯಬೇಕು. ಹೆಸರು, ಸಂಪುಟ, ಸಂಚಿಕೆ ಸಂಖ್ಯೆ, ತಿಂಗಳು ನೋಡಬೇಕು. ಕಾರ್ಡ್ ಹುಡುಕಿ ಬರೆಯಬೇಕು, ಮುದ್ರೆ ಒತ್ತಬೇಕು, ರ‍್ಯಾಕ್‌ಗೆ ಇಡಬೇಕು. ಹಿಂದೆ ಈ ಕಾರ್ಡ್‌ಗಳಿಗೆ ಕಾರ್ಡೆಕ್ಸ್ ಅನ್ನುವ ಉಕ್ಕಿನ ಪೆಟ್ಟಿಗೆ ಇರುತ್ತಿತ್ತು. ತೆಳ್ಳನೆ ಟ್ರೇಗಳು, ಒಂದರ ಮೇಲೊಂದು ಕಾರ್ಡ್, ಪ್ರತಿಯೊಂದರ ಕೆಳ ಅಂಚು ಮಾತ್ರ ಹೊರಗೆ ಕಾಣುತ್ತೆ, ಆ ಅಂಚಿನಲ್ಲಿ ಪತ್ರಿಕೆಯ ಹೆಸರು. ಟ್ರೇ ಎಳೆದರೆ ಹತ್ತಾರು ಹೆಸರು ಒಟ್ಟಿಗೆ ಕಣ್ಣಿಗೆ ಬೀಳುತ್ತೆ.

ಈಗ ಇದೇ ಕೆಲಸ ಕಂಪ್ಯೂಟರಿನಲ್ಲಿ. ಕೋಹಾದಂಥ ಲೈಬ್ರರಿ ಸಾಫ್ಟ್‌ವೇರ್‌ಗೆ 'ಇದು ತ್ರೈಮಾಸಿಕ, ಸಂಪುಟಕ್ಕೆ ನಾಲ್ಕು ಸಂಚಿಕೆ' ಅಂತ ಒಮ್ಮೆ ಹೇಳಿಕೊಟ್ಟರೆ ಸಾಕು, ಮುಂದಿನದು ಯಾವಾಗ ಬರಬೇಕು ಅಂತ ಅದೇ ಲೆಕ್ಕ ಹಾಕುತ್ತೆ. ಬರಬೇಕು, ಬಂದಿದೆ, ತಡವಾಗಿದೆ, ಕೇಳಿದ್ದೇವೆ, ಹೀಗೆ ಪ್ರತಿ ಸಂಚಿಕೆಗೂ ಒಂದು ಸ್ಥಿತಿ ಇರುತ್ತೆ. 'ಈ ಸಂಚಿಕೆ ಪ್ರಕಟವಾಗಲೇ ಇಲ್ಲ' ಅಂತಲೂ ಗುರುತು ಹಾಕಬಹುದು. ಈ ಕೊನೆಯದಕ್ಕೆ ಆಮೇಲೆ ಬರ್ತೀನಿ, ನನಗೆ ಅದು ತುಂಬಾ ಬೆಲೆಯುಳ್ಳದ್ದು ಅನ್ಸುತ್ತೆ.

ಆದರೆ ಪತ್ರಿಕೆಗಳು ಸಾಫ್ಟ್‌ವೇರ್ ಹೇಳಿದ ಹಾಗೆ ಬರಲ್ಲ. 3 ಮತ್ತು 4ನೇ ಸಂಚಿಕೆ ಸೇರಿಸಿ ಒಂದೇ ಪುಸ್ತಕ ಮಾಡಿರ್ತಾರೆ. ನಡುವೆ ಒಂದು ವಿಶೇಷಾಂಕ, ಸಂಖ್ಯೆ ಇಲ್ಲ. ವರ್ಷದ ಕೊನೆಗೆ ಒಂದು ಪುರವಣಿ, ಒಂದು ವಿಷಯಸೂಚಿ. ಇನ್ನು ಕೆಲವು, ಮುಖಪುಟದಲ್ಲಿ ಹೋದ ವರ್ಷದ ತಾರೀಖು ಹೊತ್ತು ಈ ವರ್ಷ ಬರ್ತವೆ. ಆಗೆಲ್ಲ ಲೆಕ್ಕ ತಪ್ಪಿ, ಸಿಸ್ಟಮ್ ಸುಮ್ನೆ 'ತಡ, ತಡ' ಅಂತ ಪಟ್ಟಿ ಕೊಡುತ್ತೆ. ಯಾರಾದರೂ ಕೂತು ಸರಿಮಾಡಲೇಬೇಕು. ಹೊರಗಿನವರಿಗೆ ಕಾಣದ ಕೆಲಸ ಇದು, ಸಮಯ ಮಾತ್ರ ಜಾಸ್ತಿ ತಿನ್ನುತ್ತೆ.

[ತೆರೆಯ ಮೇಲೆ: 'ನಿಲ್ಲಿಸೋಣ' ಅನ್ನುವವರ ವಾದ]

ಹಾಗಾಗಿ ನಿಲ್ಲಿಸೋಣ ಅನ್ನುವ ಮಾತು ಹೊಸದೇನಲ್ಲ. ಅಮೆರಿಕದ ರೀನೊದಲ್ಲಿರುವ ನೆವಾಡಾ ವಿಶ್ವವಿದ್ಯಾಲಯದ ಲೈಬ್ರರಿ ಅಚ್ಚಿನ ಜರ್ನಲ್‌ಗಳ ಚೆಕ್-ಇನ್ ಕೈಬಿಟ್ಟಿತು, ಅದರ ಬಗ್ಗೆ ಅಲ್ಲಿನವರೇ 2003ರಲ್ಲಿ ಲೇಖನ ಬರೆದರು. ಆ ಕಾಲಕ್ಕೆ ಲೈಬ್ರರಿ ವೃತ್ತಿಯವರಿಗೆ ಇದು ದೊಡ್ಡ ಆಘಾತ. ಅವರ ತರ್ಕ ಸರಳ: ಓದುಗರು ಆನ್‌ಲೈನ್‌ಗೆ ಹೋಗಿದ್ದಾರೆ, ಅಚ್ಚಿನ ಪ್ರತಿ ಮುಟ್ಟುವವರು ಕಡಿಮೆ, ಹಾಗಿದ್ದಾಗ ಸಿಬ್ಬಂದಿಯ ಹೊತ್ತನ್ನು ಅದಕ್ಕೇ ಯಾಕೆ ಸುರಿಯಬೇಕು?

ಈ ವಾದವನ್ನು ನಾನು ಒಪ್ತೀನಿ, ಅದು ನಿಜವಾಗಿರುವ ಕಡೆ. ದೊಡ್ಡ ಪ್ರಕಾಶಕರ ವಿಜ್ಞಾನ ಜರ್ನಲ್‌ನ ಲೇಖನಗಳು ಅಚ್ಚಿನ ಸಂಚಿಕೆಗಿಂತ ಮೊದಲೇ ಆನ್‌ಲೈನ್‌ನಲ್ಲಿ ಇರ್ತವೆ. ಕೆಲವೇ ತಿಂಗಳು ರ‍್ಯಾಕಿನಲ್ಲಿಟ್ಟು ಆಮೇಲೆ ತೆಗೆದುಹಾಕುವ ವಾರಪತ್ರಿಕೆಗೂ ಕಾರ್ಡ್ ಬೇಕಿಲ್ಲ. ಈ ವಾರದ್ದು ಬಂತಾ ಅಂತ ತಿಳಿಯೋಕೆ ರ‍್ಯಾಕ್ ನೋಡಿದರೆ ಆಯ್ತು.

[ತೆರೆಯ ಮೇಲೆ: ಬೈಂಡಿಂಗ್‌ಗೆ ಕಟ್ಟಿಟ್ಟ ಸಂಚಿಕೆಗಳ ಕಟ್ಟು]

ಈಗ ಇನ್ನೊಂದು ಕಡೆಗೆ ಬನ್ನಿ. ಶಾಶ್ವತವಾಗಿ ಇಟ್ಟುಕೊಳ್ಳುವ ಒಂದು ತ್ರೈಮಾಸಿಕ ಇದೆ ಅಂದುಕೊಳ್ಳಿ. ಎರಡನೇ ಸಂಚಿಕೆ ಟಪಾಲಿನಲ್ಲಿ ಕಳೆದುಹೋಯಿತು. ಯಾರೂ ಬರೆದಿಡುತ್ತಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ವರ್ಷ ಮುಗಿದು ಬೈಂಡಿಂಗ್‌ಗೆ ಕಟ್ಟು ಕಟ್ಟುವಾಗ 1, 3, 4 ಇವೆ, 2 ಇಲ್ಲ. ಆಗ ಪ್ರಕಾಶಕರಿಗೆ ಬರೆದರೆ? ಬಾರದ ಸಂಚಿಕೆಯನ್ನು ಉಚಿತವಾಗಿ ಮತ್ತೆ ಕಳಿಸೋಕೆ ಬಹಳ ಪ್ರಕಾಶಕರು ಒಂದು ಗಡುವು ಇಟ್ಟಿರ್ತಾರೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಷ್ಟೇ. ಅದು ಯಾವಾಗಲೋ ದಾಟಿಹೋಗಿರುತ್ತೆ. ಸಣ್ಣ ಪತ್ರಿಕೆಯಾದರೆ ಇನ್ನೂ ಕಷ್ಟ, ಅವರು ಅಚ್ಚು ಹಾಕಿಸುವುದೇ ಚಂದಾದಾರರ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ. ಹೆಚ್ಚಿನ ಪ್ರತಿ ಮುಗಿದರೆ ಮುಗೀತು.

ಬಂದದ್ದನ್ನು ಬರೆಯುವುದೇ ಬಾರದ್ದನ್ನು ಸಮಯಕ್ಕೆ ಸರಿಯಾಗಿ ತಿಳಿಯಲಿಕ್ಕೆ. ತಡವಾದವುಗಳ ಪಟ್ಟಿ ತೆಗೆದು, ನೆನಪೋಲೆ ಕಳಿಸಿ, ಉತ್ತರಕ್ಕೆ ಬೆನ್ನು ಹತ್ತುವವರು ಇದ್ದರೆ ಮಾತ್ರ ಚೆಕ್-ಇನ್‌ಗೆ ಅರ್ಥ.

ಆಗಲೇ ಹೇಳಿದ 'ಪ್ರಕಟವಾಗಲೇ ಇಲ್ಲ' ಅನ್ನುವ ಗುರುತಿಗೆ ಬರ್ತೀನಿ. ಪ್ರಕಾಶಕರಿಗೆ ಬರೆದು ಕೇಳಿದಾಗ, ಹಣವಿರಲಿಲ್ಲ, ಆ ಸಂಚಿಕೆ ತರಲೇ ಇಲ್ಲ ಅಂತ ಉತ್ತರ ಬಂತು ಅಂದುಕೊಳ್ಳಿ. ಅದನ್ನು ಒಂದು ಸಾಲು ಬರೆದಿಟ್ಟರೆ, ಮೂವತ್ತು ವರ್ಷದ ಮೇಲೆ ಆ ಸಂಚಿಕೆಗಾಗಿ ಊರೂರು ಲೈಬ್ರರಿಗೆ ಪತ್ರ ಬರೆಯುವ ಸಂಶೋಧಕರಿಗೆ ಎಷ್ಟು ಅಲೆದಾಟ ಉಳಿಯುತ್ತೆ! ಪತ್ರಿಕೆ ಬದುಕಿದ್ದಾಗ ಕೇಳಿದವರಿಗೆ ಮಾತ್ರ ಸಿಗುವ ಉತ್ತರ ಅದು.

ಹಣದ ವಿಷಯವೂ ಇದೆ. ಎಷ್ಟೋ ಲೈಬ್ರರಿಗಳು ನೂರಾರು ಪತ್ರಿಕೆಗಳ ಚಂದಾವನ್ನು ಒಬ್ಬ ಏಜೆಂಟರ ಮೂಲಕ ಮುಂಗಡವಾಗಿ ಕಟ್ಟುತ್ತವೆ. 2014ರ ಸೆಪ್ಟೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ವೆಟ್ಸ್ ಎಂಬ ದೊಡ್ಡ ಚಂದಾ ಸಂಸ್ಥೆ ದಿವಾಳಿಯಾಯಿತು. ಅಂಥ ಹೊತ್ತಿನಲ್ಲಿ ಕೊಟ್ಟ ಹಣಕ್ಕೆ ಏನು ಬಂದಿದೆ, ಏನು ಬಂದಿಲ್ಲ ಅಂತ ತೋರಿಸೋಕೆ ನಮ್ಮದೇ ದಾಖಲೆ ಬೇಕು, ಅಲ್ವಾ?

[ತೆರೆಯ ಮೇಲೆ: ಪತ್ರಿಕೆಗಳ ಪಟ್ಟಿ, ಪಕ್ಕದಲ್ಲಿ ಐಎಸ್‌ಎಸ್‌ಎನ್ ಸಂಖ್ಯೆಗಳು]

ಹಾಗಾದರೆ ಯಾವುದಕ್ಕೆ ಇಟ್ಟುಕೊಳ್ಳೋದು? ಪತ್ರಿಕೆಗಳ ಪಟ್ಟಿ ಮುಂದಿಟ್ಟುಕೊಂಡು ಒಂದೊಂದರ ಬಗ್ಗೆ ಕೇಳಿಕೊಳ್ಳಿ: ಇದನ್ನು ನಾವು ಎಷ್ಟು ವರ್ಷ ಇಟ್ಟುಕೊಳ್ತೀವಿ, ನಮ್ಮ ಪ್ರತಿ ಹೋದರೆ ಬೇರೆ ಎಲ್ಲಿ ಸಿಗುತ್ತೆ? ಆನ್‌ಲೈನ್ ಇದೆ ಅಂತ ಬರೀ ಪ್ರಕಾಶಕರ ವೆಬ್‌ಸೈಟ್ ನಂಬಬೇಡಿ. ಒಪ್ಪಂದ ಸರಿಯಿಲ್ಲದಿದ್ದರೆ ಚಂದಾ ನಿಂತ ದಿನ ಹಳೇ ಸಂಚಿಕೆಗಳ ಬಾಗಿಲೂ ಮುಚ್ಚಬಹುದು. ಲಾಕ್ಸ್, ಪೋರ್ಟಿಕೋ ಥರದ ಸಂರಕ್ಷಣಾ ಜಾಲಗಳು ಆ ಜರ್ನಲ್‌ನ ಡಿಜಿಟಲ್ ಪ್ರತಿ ಕಾಪಾಡುತ್ತಿವೆಯಾ ಅಂತ ಕೀಪರ್ಸ್ ರಿಜಿಸ್ಟ್ರಿ ಅನ್ನುವ ಆನ್‌ಲೈನ್ ಪಟ್ಟಿಯಲ್ಲಿ ನೋಡಬಹುದು. ಐಎಸ್‌ಎಸ್‌ಎನ್, ಅಂದರೆ ಪತ್ರಿಕೆಯ ಎಂಟು ಅಂಕಿಯ ಗುರುತಿನ ಸಂಖ್ಯೆ, ಹಾಕಿದರೆ ಯಾರು ಯಾವ ಸಂಪುಟದವರೆಗೆ ಇಟ್ಟಿದ್ದಾರೆ ಅಂತ ತೋರಿಸುತ್ತೆ. ಅಲ್ಲಿ ಭದ್ರವಾಗಿದೆಯಾ? ಆರಾಮಾಗಿ ಚೆಕ್-ಇನ್ ಬಿಡಿ.

ಆಗ ಉಳಿಯುವವು ಯಾವು ಗೊತ್ತಾ? ಸಣ್ಣ ಸಾಹಿತ್ಯ ಪತ್ರಿಕೆಗಳು, ಸಂಘ-ಸಂಸ್ಥೆಗಳ ವಾರ್ತಾಪತ್ರ, ಸಣ್ಣ ಭಾಷೆಗಳ ಪತ್ರಿಕೆಗಳು, ಅಚ್ಚು ಬಿಟ್ಟು ಬೇರೆ ರೂಪವೇ ಇಲ್ಲದವು. ಇವುಗಳ ಒಂದು ಸಂಚಿಕೆ ನಮ್ಮ ಕೈತಪ್ಪಿದರೆ ಅದು ಎಲ್ಲೂ ಸಿಗದೇ ಹೋಗಬಹುದು. ತಮಾಷೆ ಅಲ್ಲ ಇದು. ಇವು ಹೊತ್ತಿಗೆ ಸರಿಯಾಗಿ ಬರುವವೂ ಅಲ್ಲ, ಹಾಗಾಗಿ ಸಾಫ್ಟ್‌ವೇರ್‌ನ ಲೆಕ್ಕಾಚಾರವನ್ನು ಇವುಗಳಿಗೆ ಹಚ್ಚಲೇಬೇಡಿ. ಬಂದಾಗ ಸಂಖ್ಯೆ, ತಾರೀಖು ಬರೆಯಿರಿ, ಮೂರು ತಿಂಗಳಿಗೊಮ್ಮೆ ಕೂತು ಯಾವ ಸಂಖ್ಯೆ ಬಿಟ್ಟುಹೋಗಿದೆ ಅಂತ ನೋಡಿ, ಸಂಪಾದಕರಿಗೆ ಒಂದು ಫೋನ್ ಮಾಡಿ. ಇಪ್ಪತ್ತು ಹೆಸರಿಗೆ ಹೀಗೆ ಮಾಡುವುದು, ಐನೂರು ಹೆಸರಿಗೆ ಕಣ್ಮುಚ್ಚಿ ಟಿಕ್ ಹಾಕುವುದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಮಾತು. ನಿಲ್ಲಿಸುವುದಾದರೆ ಸದ್ದಿಲ್ಲದೆ ನಿಲ್ಲಿಸಬೇಡಿ. ಕ್ಯಾಟಲಾಗ್‌ನಲ್ಲಿ 12ನೇ ಸಂಪುಟದವರೆಗೆ ದಾಖಲೆ ಇದ್ದು ಆಮೇಲೆ ಏನೂ ಇಲ್ಲದಿದ್ದರೆ, ಮುಂದಿನದು ಲೈಬ್ರರಿಯಲ್ಲೇ ಇಲ್ಲ ಅಂತ ಓದುಗರು ವಾಪಸ್ ಹೋಗ್ತಾರೆ. 'ಇಲ್ಲಿಂದ ಮುಂದಿನ ಸಂಚಿಕೆಗಳನ್ನು ಒಂದೊಂದಾಗಿ ದಾಖಲಿಸಿಲ್ಲ, ದಯವಿಟ್ಟು ಕಪಾಟು ನೋಡಿ' ಅಂತ ಅಲ್ಲೇ ಬರೆಯಿರಿ.