ಕೆಆರ್‌ಎಸ್ ಡ್ಯಾಮನ್ನ 1/72 ಅಳತೆಗೆ ಇಳಿಸಿದ್ರೆ ಏನಾಗುತ್ತೆ? | ನಲವತ್ತರ ಮೇಲೆ ಮತ್ತೆ ಮಾಡೆಲ್ ಕಿಟ್

[ಮೇಜಿನ ಮೇಲಿಂದ ಕ್ಯಾಮೆರಾ. ಹಳೇ ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಚಾಳೀಸು ಕನ್ನಡಕ.]

ನಮಸ್ಕಾರ, ಮೈಸೂರಿಂದ. ಬೇರೆ ಏನೂ ಹೇಳೋಕೆ ಮುಂಚೆ ಈ ಹೆಬ್ಬೆಟ್ಟಿನ ಗುರುತು ನೋಡಿ.

[ರೆಕ್ಕೆ ತೀರಾ ಹತ್ತಿರದಿಂದ.]

ಇದು ಮಿಗ್-21 ವಿಮಾನದ ಪ್ಲಾಸ್ಟಿಕ್ ಮಾಡೆಲ್. ಎಡಗಡೆ ರೆಕ್ಕೆ ಮೇಲೆ ಹೆಬ್ಬೆಟ್ಟು ಅಚ್ಚೊತ್ತಿದೆ, ಗೆರೆ ಗೆರೆ ಎಣಿಸಬಹುದು. ನಂದೇ ಅದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜದಲ್ಲಿ ಒತ್ತಿದ್ದು. ಈಗಿನ ಹೆಬ್ಬೆರಳು ಅದರ ಮೇಲಿಟ್ರೆ ಗುರುತು ಪೂರ್ತಿ ಮುಚ್ಚಿಹೋಗುತ್ತೆ.

2025ರ ಸೆಪ್ಟೆಂಬರ್ 26. ನವರಾತ್ರಿ, ಮನೇಲಿ ಗೊಂಬೆ ಕೂರಿಸಿದ್ವಿ. ಟಿವಿಯಲ್ಲಿ ಚಂಡೀಗಢದಿಂದ ನೇರಪ್ರಸಾರ. 1963ರಲ್ಲಿ ನಮ್ಮ ವಾಯುಪಡೆ ಸೇರಿದ್ದ ಮಿಗ್-21, 62 ವರ್ಷ ದುಡಿದು ಅವತ್ತು ಸೇವೆ ಮುಗಿಸಿತು. ಅಮ್ಮ ಪಟ್ಟದ ಗೊಂಬೆಗೆ ಹೂ ಏರಿಸ್ತಾ ಟಿವಿ ಕಡೆ ನೋಡಿದ್ರು. "ನಿನ್ನದೂ ಇಂಥದ್ದೇ ಒಂದು ಅಟ್ಟದ ಮೇಲೆ ಬಿದ್ದಿದೆ ಕಣೋ, ಗೊಂಬೆ ಟ್ರಂಕಿನ ಹಿಂದೆ" ಅಂದ್ರು. ಆಯುಧಪೂಜೆ ಹೊತ್ತಿಗೆ ನಾನು ಮೇಜು ಖಾಲಿ ಮಾಡಿಕೊಂಡು ಕೂತಿದ್ದೆ.

ಇದರ ಫೋಟೋ ತೋರಿಸಿದಾಗ ಮಂಡ್ಯದ ಒಬ್ಬ ವೀಕ್ಷಕರು ಕೇಳಿದ್ರು: "ಅಣ್ಣಾ, ಪೆಟ್ಟಿಗೆ ಮೇಲೆ 1/72 ಅಂತ ಯಾಕಿದೆ? ನೂರಕ್ಕೆ ಒಂದು ಅಂತ ಮಾಡಿದ್ರೆ ಲೆಕ್ಕ ಸಲೀಸಾಗ್ತಿರಲಿಲ್ವಾ?" ಬಹಳ ಒಳ್ಳೆ ಪ್ರಶ್ನೆ. ಇದನ್ನ ಬೆನ್ನಟ್ಟಿಕೊಂಡು ಹೋದಾಗಲೇ ಹುಡುಗನಾಗಿದ್ದಾಗ ನನ್ನ ಮಾಡೆಲ್‌ಗಳು ಯಾಕೆ ಹಾಳಾಗ್ತಿದ್ವು ಅನ್ನೋದೂ ತಿಳೀತು.

ಗೊತ್ತಿಲ್ಲದವರಿಗೆ ಎರಡೇ ಮಾತು. ಪೆಟ್ಟಿಗೆ ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿರ್ತವೆ. ಹುಣಸೆ ಕೊಂಬೆಗೆ ಕಾಯಿ ಜೋತುಬಿದ್ದ ಹಾಗೆ ಅದರ ತುಂಬ ಸಣ್ಣ ಸಣ್ಣ ಭಾಗ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ, ಚಿಹ್ನೆ ಅಂಟಿಸೋದು. ಅಷ್ಟೇ.

ಈಗ 72ರ ಕಥೆ. ಇದು ಬ್ರಿಟನ್ನಿನ ಅಡಿ-ಇಂಚಿನ ಲೆಕ್ಕ. ಒಂದು ಅಡಿಗೆ 12 ಇಂಚು, ಆರು ಅಡಿಗೆ 72 ಇಂಚು. ಅಂದ್ರೆ ಆರಡಿ ಆಳು ಮಾಡೆಲ್‌ನಲ್ಲಿ ಸರಿಯಾಗಿ ಒಂದು ಇಂಚು! 1932ರಲ್ಲಿ ಸ್ಕೈಬರ್ಡ್ಸ್ ಅನ್ನೋ ಮರದ ಕಿಟ್‌ಗಳು ಇದೇ ಅಳತೆಯಲ್ಲಿ ಬಂದ್ವು. 1936ರಲ್ಲಿ ಫ್ರಾಗ್ ಪೆಂಗ್ವಿನ್ ಪ್ಲಾಸ್ಟಿಕ್ ಕಿಟ್‌ಗಳೂ ಅದನ್ನೇ ಹಿಡಿದ್ವು. ವಿಮಾನಗಳಿಗೆ ಅದೇ ರೂಢಿಯಾಗಿ ಉಳೀತು.

ನಮಗೆ ಇದು ತುಂಬ ಅನುಕೂಲ. ಅಡಿಯನ್ನ ಆರರಿಂದ ಭಾಗಿಸಿ, ಬಂದದ್ದು ಇಂಚು. ಜಂಬೂಸವಾರಿಯ ಒಂಬತ್ತಡಿ ಆನೆ ಒಂದೂವರೆ ಇಂಚು. ಚಾಮುಂಡಿ ಬೆಟ್ಟದ ನಂದಿ 24 ಅಡಿ ಉದ್ದ, ಮಾಡೆಲ್‌ನಲ್ಲಿ ನಾಲ್ಕು ಇಂಚು, ಅಂಗೈ ಮೇಲೆ ಕೂರುತ್ತೆ.

ಹೀಗೇ ಲೆಕ್ಕ ಹಾಕ್ತಾ ಇದ್ದಾಗ ಮಂಡ್ಯ ಅಂದ ಕೂಡಲೇ ತಲೆಗೆ ಬರೋ ಒಂದು ಅಂಕಿ ನೆನಪಾಯ್ತು. ಹೇಳಿ ನೋಡೋಣ? 124.80 ಅಡಿ. ಕೆಆರ್‌ಎಸ್ ತುಂಬಿದಾಗಿನ ಮಟ್ಟ. ಮಳೆಗಾಲ ಬಂತು ಅಂದ್ರೆ ನಮ್ಮ ಕಡೆ ಬೆಳಿಗ್ಗೆ ಪೇಪರ್ ಬಿಡಿಸಿ ಮೊದಲು ನೋಡೋ ಅಂಕಿ. ಆರರಿಂದ ಭಾಗಿಸಿದೆ. 20.8 ಇಂಚು. ಶೇಷ ಇಲ್ಲ, ಚೂರೂ ಉಳಿಯಲ್ಲ! ನಾನು ಎರಡು ಸಲ ಮಾಡಿ ನೋಡಿದೆ.

[ಹಲಗೆ ಮೇಲೆ ಬರೀತಾ.]

ಹಾಗಾದ್ರೆ ಪೂರ್ತಿ ಡ್ಯಾಮನ್ನೇ ಇಳಿಸೋಣ. ಕಟ್ಟೆ ಉದ್ದ ಸುಮಾರು 8600 ಅಡಿ. 72ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 120 ಅಡಿ. 30-40 ಸೈಟು ಮೂರನ್ನ ಉದ್ದುದ್ದಕ್ಕೆ ಜೋಡಿಸಿದಷ್ಟು. ಎತ್ತರ ಎರಡಡಿಗೂ ಕಮ್ಮಿ, ಮಗು ದಾಟಬಹುದು. ಪರವಾಗಿಲ್ಲ, ದೊಡ್ಡ ಬಯಲಿದ್ರೆ ಆದೀತು ಅನ್ನಿಸುತ್ತಲ್ವಾ? ಈಗ ನೀರು ತುಂಬಿಸಿ.

ಕೆಆರ್‌ಎಸ್ ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ನೀರನ್ನ ಬರೀ 72ರಿಂದ ಭಾಗಿಸೋ ಹಾಗಿಲ್ಲ. ಉದ್ದ 72 ಪಟ್ಟು ಕುಗ್ಗಿತು, ಅಗಲ 72 ಪಟ್ಟು, ಆಳ 72 ಪಟ್ಟು. ಮೂರನ್ನೂ ಗುಣಿಸಿದ್ರೆ 3,73,248. ಅಷ್ಟರಿಂದ ಭಾಗಿಸಿದ ಮೇಲೂ ಉಳಿಯೋದು ಸುಮಾರು 37 ಲಕ್ಷದ 50 ಸಾವಿರ ಲೀಟರ್. 12 ಸಾವಿರ ಲೀಟರಿನ ನೀರಿನ ಟ್ಯಾಂಕರ್ ಬರುತ್ತಲ್ಲ, ಅಂಥವು 312. ಕಟ್ಟೆ ಮಂಡಿ ಎತ್ತರಕ್ಕೆ ಬಂದು ನಿಂತಿದೆ, ಆದ್ರೂ ಟ್ಯಾಂಕರ್ ಸಾಲು ಬಡಾವಣೆ ದಾಟುತ್ತೆ. ಆ ಕಟ್ಟೆ ಹಿಂದೆ ಕಾವೇರಿ ಎಷ್ಟು ನೀರು ತಂದು ನಿಲ್ಲಿಸ್ತಾಳೆ ಅನ್ನೋದು ನನಗೆ ಟಿಎಂಸಿ ಅಂಕಿ ಓದಿ ಯಾವತ್ತೂ ತಿಳಿದಿರಲಿಲ್ಲ. ಈ ಮಾಡೆಲ್ ಲೆಕ್ಕದಲ್ಲಿ ತಿಳೀತು. ಇನ್ಮೇಲೆ ಬೃಂದಾವನದ ಕಡೆ ಹೋದಾಗ ಕಟ್ಟೆಯನ್ನ ಬೇರೆ ಥರಾನೇ ನೋಡ್ತೀನಿ.

ಇದನ್ನ ಇಷ್ಟು ಯಾಕೆ ಎಳೆದೆ ಅಂದ್ರೆ, ಅಳತೆ ಇಳಿಸಿದಾಗ ಎಲ್ಲವೂ ಒಂದೇ ಸಮ ಇಳಿಯಲ್ಲ. ಕೆಲವು ಇಳಿಯೋದೇ ಇಲ್ಲ. ಪೆಟ್ಟಿಗೆ ಒಳಗಿನ ವಿಮಾನ 72 ಪಟ್ಟು ಕುಗ್ಗಿ ಬಂದಿದೆ. ನಾವು ಹಚ್ಚೋ ಬಣ್ಣ ಕುಗ್ಗಿಲ್ಲ, ಅಂಟು ಕುಗ್ಗಿಲ್ಲ, ನಮ್ಮ ಬೆರಳು ಕುಗ್ಗಿಲ್ಲ, ಕಣ್ಣೂ ಕುಗ್ಗಿಲ್ಲ. ಈ ಹವ್ಯಾಸದ ಕಷ್ಟ ಸುಖ ಎಲ್ಲ ಅಲ್ಲೇ ಇದೆ.

ಬಣ್ಣ ತಗೊಳ್ಳಿ. ಬ್ರಷ್ಷಲ್ಲಿ ಕಾಲು ಗಂಟೇಲಿ ಬಳಿದು ಮುಗಿಸಿದ್ರೆ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಬಂತು ಅಂತಿಟ್ಕೊಳ್ಳಿ. ಅದನ್ನ 72ರಿಂದ ಗುಣಿಸಿ. ಏಳು ಮಿಲಿಮೀಟರಿನ ಮೇಲೆ! ಅಸಲಿ ಮಿಗ್‌ನ ರೆಕ್ಕೆಗೆ ಗಾರೆ ಮೆತ್ತಿದ ಹಾಗಾಯ್ತು. ತಗಡಿನ ಜೋಡಣೆ ಗೆರೆಗಳೆಲ್ಲ ಅದರೊಳಗೆ ಹೂತುಹೋಗ್ತವೆ. ಹದಿನೈದರ ವಯಸ್ಸಲ್ಲಿ ನಾನು ಮಾಡಿದ್ದು ಅದನ್ನೇ. ಈಗ ಬಣ್ಣಕ್ಕೆ ತಿನ್ನರ್ ಸೇರಿಸಿ ಹಾಲಿನ ಹದಕ್ಕೆ ತರ್ತೀನಿ, ಒಂದು ಕೈ ಹಚ್ಚಿ ಮಾರನೇ ದಿನದವರೆಗೂ ಮುಟ್ಟಲ್ಲ. ನಾಲ್ಕು ತೆಳು ಪದರ, ನಾಲ್ಕು ಸಂಜೆ. ಜಡಿಮಳೆ ದಿನ ಲ್ಯಾಕರ್ ಬಣ್ಣ ಬೇಡವೇ ಬೇಡ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತೆ.

ಇನ್ನು ಆ ಹೆಬ್ಬೆಟ್ಟು. ಅಚ್ಚು ಒಂದೂವರೆ ಸೆಂಟಿಮೀಟರ್ ಅಗಲ ಇದೆ. ಅಸಲಿ ವಿಮಾನಕ್ಕೆ ಹೋಲಿಸಿದ್ರೆ ಒಂದು ಮೀಟರ್ ದಾಟಿದ ಹೆಬ್ಬೆಟ್ಟು! ಮಿಗ್-21ರ ಎರಡೂ ರೆಕ್ಕೆ ಸೇರಿ ತುದಿಯಿಂದ ತುದಿಗೆ ಇರೋದೇ 7.15 ಮೀಟರ್. ಇದು ಪ್ಲಾಸ್ಟಿಕ್ ಒಳಗೆ ಇಳಿದದ್ದು ಹೇಗೆ? ಮಾಡೆಲ್ ಕಿಟ್‌ನ ಅಂಟು ನಿಜವಾಗಿ ಗೋಂದಿನ ಜಾತಿ ಅಲ್ಲ, ದ್ರಾವಕ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನ ಕರಗಿಸುತ್ತೆ. ಎರಡೂ ಕಡೆಯ ಮೇಲ್ಮೈ ಮೆತ್ತಗಾಗಿ ಒಂದರೊಳಗೊಂದು ಬೆರೀತವೆ, ದ್ರಾವಕ ಆವಿಯಾದ ಮೇಲೆ ಒಂದೇ ತುಂಡಾಗಿ ಗಟ್ಟಿಯಾಗ್ತವೆ. ಬೆಸುಗೆ ಹಾಕಿದ ಹಾಗೆ. ಮೆತ್ತಗಿದ್ದಾಗ ಬೆರಳು ತಾಗಿದ್ರೆ ಬೆರಳೂ ಅಚ್ಚಾಗುತ್ತೆ.

ಈಗ ಸಿಗೋ ತೆಳು ಅಂಟು ನೋಡಿ, ನೀರಿನ ಹಾಗಿದೆ.

[ಎರಡು ಅರ್ಧಗಳನ್ನ ಜೋಡಿಸಿ ಹಿಡಿದು, ಸಣ್ಣ ಬ್ರಷ್ ತುದಿ ಸಂದಿಗೆ ತಾಗಿಸುವುದು. ಮಾತಿಲ್ಲದೆ ಐದು ಸೆಕೆಂಡು.]

ನೋಡಿದ್ರಾ? ತಾಗಿಸಿದ್ದು ಒಂದೇ ಕಡೆ, ಅದು ತಾನಾಗಿ ಬಾಲದ ತನಕ ಓಡಿತು. ದೀಪದ ಬತ್ತಿ ಎಣ್ಣೆ ಹೀರಿದಂಗೆ ಸಂದಿ ಅಂಟನ್ನ ಎಳ್ಕೊಳ್ಳುತ್ತೆ. ಸಂದಿ ಕಿರಿದಾದಷ್ಟೂ ಎಳೆತ ಜಾಸ್ತಿ. ಇಲ್ಲಿ ಚಿಕ್ಕ ಅಳತೆ ನಮ್ಮ ಪರವಾಗಿ ಕೆಲಸ ಮಾಡ್ತಿದೆ. ನಾನು ಇದನ್ನ ನೋಡೋಕೇ ಎಷ್ಟೋ ಸಲ ಒಣ ಜೋಡಣೆ, ಅಂದ್ರೆ ಅಂಟಿಲ್ಲದೆ ಸುಮ್ನೆ ಕೂಡಿಸಿ ನೋಡೋದು, ಸರಿಯಾಗಿದೆಯಾ ಅಂತ ಮೂರ್ಮೂರು ಬಾರಿ ಪರೀಕ್ಷೆ ಮಾಡ್ತೀನಿ. ಕಿಟಕಿ ಮಾತ್ರ ತೆಗೆದಿಟ್ಟುಕೊಳ್ಳಿ, ಈ ಆವಿ ಉಸಿರಾಡೋದು ಒಳ್ಳೇದಲ್ಲ.

ಕೆಆರ್‌ಎಸ್ ಹತ್ರ ಹೆಚ್ಚು ಹೊತ್ತು ನಿಂತ್ವಿ, ಉಳಿದದ್ದು ಬೇಗ ಬೇಗ. ಕಣ್ಣು: ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುತ್ತೆ. ಚಾಳೀಸು ಹಾಕೊಳ್ಳಿ, ಮೇಜಿನ ದೀಪ ಹತ್ತಿರ ಇಟ್ಕೊಳ್ಳಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಭೂತಗನ್ನಡಿಯೂ ಆಗುತ್ತೆ. ಸಾಮಾನು: ದುಬಾರಿ ಸೆಟ್ಟು ಮೊದಲ ದಿನವೇ ತರಬೇಡಿ. ಹಿಡಿದಿಡೋಕೆ ಬಟ್ಟೆ ಕ್ಲಿಪ್ಪು, ಕತ್ತರಿಸೋಕೆ ಒಳ್ಳೆ ನೇಲ್ ಕಟ್ಟರ್ರು, ಉಜ್ಜೋಕೆ ಕಾರಿನ ಪೇಂಟಿಂಗ್ ಗ್ಯಾರೇಜಿನವರು ಬಳಸೋ ವಾಟರ್ ಪೇಪರ್, 400, 800, 1000. ನೀರಲ್ಲಿ ಅದ್ದಿ ಉಜ್ಜಿ.

ಬೇರೆ ಅಳತೆಗಳ ಬಗ್ಗೆಯೂ ಕೇಳ್ತೀರಿ. 1/48 ಅಂದ್ರೆ ಕಾಲು ಇಂಚಿಗೆ ಒಂದು ಅಡಿ. ಯುದ್ಧದ ಟ್ಯಾಂಕುಗಳ 1/35 ಬಂದದ್ದು ಮಾತ್ರ ವಿಚಿತ್ರ. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಪ್ಯಾಂಥರ್ ಟ್ಯಾಂಕ್ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಬ್ಯಾಟರಿ ಕೂರೋ ಹಾಗೆ ಮಾಡಿದಾಗ ಬಂದ ಅಳತೆಯೇ ಆಮೇಲೆ ಲೋಕಕ್ಕೆಲ್ಲ ರೂಢಿಯಾಯ್ತು.

ನನ್ನ ಹಳೇ ಪೆಟ್ಟಿಗೆಯ ಚಿಹ್ನೆಗಳು ಹಳದಿ ತಿರುಗಿದ್ವು. ಹಾಳೆಯನ್ನ ಕಿಟಕಿ ಗಾಜಿಗೆ ಟೇಪಿನಲ್ಲಿ ಅಂಟಿಸಿ ಬಿಸಿಲಿಗೆ ಬಿಟ್ಟೆ, ಎರಡು ವಾರದಲ್ಲಿ ಬಿಳಿ ಬಂತು. ಬಟ್ಟಲಿನ ಬೆಚ್ಚನೆ ನೀರಲ್ಲಿ ಅರ್ಧ ನಿಮಿಷ. ಕಾಗದದಿಂದ ಬಿಟ್ಟುಕೊಂಡು ನಮ್ಮ ವಾಯುಪಡೆಯ ಚಕ್ರ, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಬ್ರಷ್ ತುದಿಯಲ್ಲಿ ರೆಕ್ಕೆ ಮೇಲೆ ಜಾರಿ ಕೂತಾಗ ಉಸಿರು ಬಿಗಿ ಹಿಡಿದಿದ್ದೆ. ಮುಂಚೆ ಮೇಲ್ಮೈಗೆ ಹೊಳಪಿನ ವಾರ್ನಿಷ್ ಹಾಕಿರಲೇಬೇಕು, ಇಲ್ಲಾಂದ್ರೆ ಒರಟು ಬಣ್ಣದಲ್ಲಿ ಗಾಳಿ ಸಿಕ್ಕಿ ಚಿಹ್ನೆ ಬೆಳ್ಳಿ ಬೆಳ್ಳಿ ಕಾಣುತ್ತೆ.

ಕೊನೆಗೆ ಪೈಲಟ್ ಮೇಲಿನ ಗಾಜು. ಇಲ್ಲಿ ಒಂದು ತಪ್ಪು ಮಾಡಿದೆ. ಕ್ಷಣದಲ್ಲಿ ಹಿಡಿಯೋ ಸೂಪರ್ ಗ್ಲೂ ಹಾಕ್ದೆ. ಅದರ ಆವಿ ತೇವದ ಜೊತೆ ಸೇರಿ ಗಾಜಿನ ಒಳಗೆಲ್ಲ ಮಂಜು ಕವಿದು ಕೂತುಬಿಡ್ತು. ಬಿಡಿಸಿ, ಟೂತ್‌ಪೇಸ್ಟಲ್ಲಿ ತಿಕ್ಕಿ ತಿಕ್ಕಿ ತಿಳಿ ಮಾಡೋಕೆ ಎರಡು ಸಂಜೆ ಹಿಡೀತು. ನಿನ್ನೆ ರಾತ್ರಿ ಮರಗೆಲಸದ ಫೆವಿಕಾಲನ್ನ ಕಡ್ಡಿ ತುದಿಯಲ್ಲಿ ಅಂಚಿಗಷ್ಟೇ ಸವರಿ ಕೂರಿಸಿದೆ. ಹಚ್ಚಿದಾಗ ಹಾಲಿನ ಬಿಳುಪು, ಒಣಗಿದ ಮೇಲೆ ಪಾರದರ್ಶಕ. ದೂಳು ಬೀಳದ ಹಾಗೆ ಮೇಲೆ ಸ್ಟೀಲ್ ಲೋಟ ಕವುಚಿದ್ದೆ.

[ಲೋಟ ಎತ್ತುವುದು. ಕ್ಯಾಮೆರಾ ಗಾಜಿನ ಮೇಲೆ.]

ಅಂಚು ಕಾಣ್ತಿಲ್ಲ, ಒಳಗಿನ ಸೀಟಿನ ಬೆಲ್ಟು ಕಾಣ್ತಿದೆ.

ಹೆಬ್ಬೆಟ್ಟಿನ ಮೇಲೆ ಇನ್ನೂ ವಾಟರ್ ಪೇಪರ್ ಆಡಿಸಿಲ್ಲ. ಅಮ್ಮ ಮುಂದಿನ ದಸರಾಗೆ ಇದಕ್ಕೆ ಜಾಗ ಗೊತ್ತುಮಾಡಿಯಾಗಿದೆ: ಕೆಳಗಿನ ಮೆಟ್ಟಿಲು, ಪಾರ್ಕಿನ ಪಕ್ಕ, ರಾಗಿ ಮೊಳಕೆ ಹಾಕ್ತೀವಲ್ಲ, ಅದರ ಈಚೆ.