ಕಾಣಿಕೆ ಎಣಿಸೋರು ಯಾರು?

ಎಲ್ಲರಿಗೂ ವಂದನೆ.

ನಮ್ಮ ಬ್ಯಾಪ್ಟಿಸ್ಟ್ ಸಭೆಯ, ಅಂದರೆ ಚರ್ಚಿನ, ಕಾಣಿಕೆ ಹಣವನ್ನು 11 ವರ್ಷದಿಂದ ನಾನೊಬ್ಬನೇ ಎಣಿಸುತ್ತಿದ್ದೆ. ಆರಾಧನೆ ಮುಗಿದ ಮೇಲೆ ಚೀಲ ಮನೆಗೆ ತರುವುದು, ಊಟಕ್ಕೆ ಮೊದಲು ಮಂಚದ ಮೇಲೆ ಸುರಿದು ಎಣಿಸುವುದು, ಪುಸ್ತಕದಲ್ಲಿ ಬರೆದು ಬೀರುವಿಗೆ ಬೀಗ ಹಾಕುವುದು. ಒಂದು ರೂಪಾಯಿ ಆಚೀಚೆ ಆಗಿಲ್ಲ, ಎದೆ ಮುಟ್ಟಿಕೊಂಡು ಹೇಳುತ್ತೇನೆ. ಸಭೆಯವರೂ ನಂಬಿದ್ದರು. ಅಷ್ಟಿದ್ದರೆ ಸಾಕು ಅಂದುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂತು. 20 ದಿನ ಮಲಗಿದೆ. ಮೊದಲೇ ಸಭೆಯ ಎರಡು ತಿಂಗಳ ಕರೆಂಟ್ ಬಿಲ್ ಬಾಕಿ ಇತ್ತು. ಆ ತಿಂಗಳದ್ದೂ ಕಟ್ಟಲಿಲ್ಲ, ಲೈನ್ ಹೋಯಿತು. ದುಡ್ಡು ಇರಲಿಲ್ಲ ಅಂತಲ್ಲ. ಬೀರುವಿನಲ್ಲೇ ಇತ್ತು. ಬೀಗದ ಕೈ ನನ್ನ ದಿಂಬಿನ ಕೆಳಗೆ. ಎಷ್ಟು ಬಾಕಿ ಇದೆ ಅಂತ ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಬುಧವಾರದ ಸಂಜೆ ಪ್ರಾರ್ಥನೆ ಮೊಬೈಲ್ ಬೆಳಕಿನಲ್ಲಿ ನಡೆಯಿತು ಅಂತ ಕೇಳಿದಾಗ ಜ್ವರಕ್ಕಿಂತ ಜಾಸ್ತಿ ಅದೇ ನನ್ನನ್ನು ಸುಟ್ಟಿತು.

ಎದ್ದು ಓಡಾಡುವ ಹಾಗೆ ಆದ ಮೇಲೆ ನಮ್ಮ ಪಾಸ್ಟರ್ ಅಯ್ಯನವರು ಒಂದು ಮಾತು ಹೇಳಿದರು. "ಬಳ್ಳಾರಿಯಲ್ಲಿ ನಮ್ಮಂಥದೇ ಒಂದು ಸಭೆ ಐತಿ. ಒಂದು ಭಾನುವಾರ ಹೋಗಿ ಕೂತು ಬಾ. ಏನೂ ಮಾಡಬೇಡ, ಸುಮ್ನೆ ನೋಡು."

ಹೋದೆ. ಸಿಂಧನೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. ತುಂಗಭದ್ರೆ ದಾಟಿ, ಸಿರುಗುಪ್ಪದಲ್ಲಿ ಒಗ್ಗರಣಿ ಮಿರ್ಚಿ ತಿಂದು ಬಳ್ಳಾರಿ ಸೇರಿದೆ. ಆರಾಧನೆ ನಮ್ಮ ಹಾಗೇ ಇತ್ತು. ಕೆಲವು ಹಾಡು ತೆಲುಗಿನಲ್ಲಿ, ಉಳಿದದ್ದೆಲ್ಲ ಕನ್ನಡ. ನಾನು ಹೇಳಬೇಕಾದ ವಿಷಯ ಶುರುವಾಗಿದ್ದು ಆಶೀರ್ವಾದ ಮುಗಿದ ಮೇಲೆ.

ಅವತ್ತು ಅವರ ಸದಸ್ಯರ ಮೀಟಿಂಗ್ ಇತ್ತು. ಮೂರು ತಿಂಗಳಿಗೊಮ್ಮೆ ಇರುತ್ತದಂತೆ. ಮುಂದೆ ಒಂದು ಮೇಜು ಹಾಕಿದರು. ಎಲ್ಲರ ಎದುರಿಗೇ ಅವತ್ತಿನ ಕಾಣಿಕೆ ಸುರಿದರು. ಮೂರು ಜನ ಕೂತರು: ಸಭೆಯ ಕೆಲಸ ನೋಡಿಕೊಳ್ಳೋಕೆ ಸಭೆಯೇ ಆರಿಸಿದ ಇಬ್ಬರು ಸಭಾಸೇವಕರು (ಡೀಕನ್), ಇನ್ನೊಬ್ಬಳು ಕಾಲೇಜಿಗೆ ಹೋಗುವ ಹುಡುಗಿ. ಒಬ್ಬರು ಎಣಿಸಿದರು, ಇನ್ನೊಬ್ಬರು ಅದನ್ನೇ ತಿರುಗಿ ಎಣಿಸಿದರು, ಹುಡುಗಿ ಬರೆದಳು. ಮೂವರೂ ಸಹಿ ಹಾಕಿದರು. ಅಷ್ಟಕ್ಕೆ ಹತ್ತು ನಿಮಿಷ ಹಿಡಿದಿರಬಹುದು.

ಆಮೇಲೆ ಮೂರು ತಿಂಗಳ ಖರ್ಚು ಓದಿದರು. ಪಾಸ್ಟರ್ ಎರಡನೇ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದರು. ಅವರ ಸಂಬಳದ ಮಾತು ಬಂದಾಗ ತಾವೇ ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಮಕ್ಕಳ ಜೊತೆ ನಿಂತರು. ಆ ಮಾತು ಮುಗಿದ ಮೇಲೆ ಯಾರೋ ಹೋಗಿ ಕರೆದುಕೊಂಡು ಬಂದರು.

ಓದುತ್ತಾ ಓದುತ್ತಾ ಶಾಮಿಯಾನದ ಲೆಕ್ಕ ಬಂತು. ಹಿಂದಿನಿಂದ ಒಬ್ಬ ಅಜ್ಜಿ ಕೈ ಎತ್ತಿದರು. "ಏನಪ್ಪಾ, ಶಾಮಿಯಾನಕ್ಕ 1,800 ಅಂತ ಓದಿದಿ. ಕಟ್ಟಿದ್ದು ನಮ್ಮ ಹುಡುಗರೇ. ಅಷ್ಟ್ಯಾಕ ಆತು?"

ನನ್ನ ಎದೆ ಧಸಕ್ಕೆಂದಿತು. ನನ್ನನ್ನು ಹಾಗೆ ಯಾರೂ ಕೇಳಿದ್ದಿಲ್ಲ. ಕೇಳಿದ್ದರೆ ನಾನು ಪುಸ್ತಕ ಮೇಜಿನ ಮೇಲೆ ಇಟ್ಟು ಎದ್ದು ಹೋಗುತ್ತಿದ್ದೆನೇನೋ. ಆ ಸೇವಕ ಪುಸ್ತಕ ತಿರುವಿ ನೋಡಿದ. "ಅಮ್ಮಾ, ಬಾಡಿಗಿ 1,200. ಉಳಿದ 600 ಟಂಟಂ ಗಾಡಿದು. ಗಾಡಿ ಚೀಟಿ ಮನ್ಯಾಗ ಐತಿ, ಬರೋ ವಾರ ತಂದು ತೋರಸ್ತೀನಿ." ಅಜ್ಜಿ "ಹೂಂ, ತೋರ್ಸು" ಅಂದರು. ಮುಂದಿನ ಸಾಲು ಓದಿದ. ಯಾರ ಮುಖವೂ ಕೆಂಪಾಗಲಿಲ್ಲ.

ಇದು ನಮ್ಮಂಥವರಿಗೆ ಯಾಕೆ ಅಷ್ಟು ದೊಡ್ಡದು ಅಂತ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಮೆಥಡಿಸ್ಟ್ ಸಭೆಗಳಿವೆ, ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿವೆ. ಅವರಿಗೆ ಬಿಷಪ್ ಇದ್ದಾರೆ. ಮೇಲಿನವರೇ ಪಾಸ್ಟರನ್ನು ಕಳಿಸುತ್ತಾರೆ, ಬದಲಾಯಿಸುತ್ತಾರೆ, ತಪ್ಪಾದರೆ ಕೇಳುತ್ತಾರೆ. ಬ್ಯಾಪ್ಟಿಸ್ಟರ ರೀತಿ ಬೇರೆ. ಪಾಸ್ಟರನ್ನು ಕರೆಯುವುದು ಸಭೆ, ಸೇವಕರನ್ನು ಆರಿಸುವುದೂ ಸಭೆ. ಸಭೆಯ ಮೇಲೆ ಕ್ರಿಸ್ತನೇ ಹೊರತು ಇನ್ನೊಬ್ಬ ಯಜಮಾನ ಇಲ್ಲ. ನನಗೆ ಇದರ ಮೇಲೆ ಪೂರ್ತಿ ನಂಬಿಕೆ ಇದೆ. ಆದರೆ ಹೀಗಿರುವುದರಿಂದಲೇ ನಮ್ಮನ್ನು ನೋಡೋಕೆ ಮೇಲಿಂದ ಯಾರೂ ಬರಲ್ಲ. ನಾವೇ ಎದ್ದು ಹೋಗಿ ಇನ್ನೊಬ್ಬರನ್ನು ನೋಡಬೇಕು, ಅವರನ್ನೂ ಕರೆದು ನಮ್ಮನ್ನು ತೋರಿಸಬೇಕು.

ಇದು ಹೊಸ ಮಾತೇನಲ್ಲ. 1644ರಲ್ಲಿ ಲಂಡನ್ನಿನ ಏಳು ಬ್ಯಾಪ್ಟಿಸ್ಟ್ ಸಭೆಗಳು ಕೂಡಿ ತಮ್ಮ ನಂಬಿಕೆಯನ್ನು ಬರೆದು ಪ್ರಕಟಿಸಿದವು. ಒಂದೊಂದು ಸಭೆಯೂ ತನ್ನಷ್ಟಕ್ಕೆ ಪೂರ್ತಿಯಾದದ್ದು, ಆದರೂ ಸಭೆಯ ಕೆಲಸದಲ್ಲಿ ಒಬ್ಬರಿಂದೊಬ್ಬರು ಆಲೋಚನೆ, ಸಹಾಯ ಪಡೆಯಬೇಕು ಅನ್ನುವುದು ಅದರಲ್ಲೇ ಇದೆ. ನಾವು ಮೊದಲ ಅರ್ಧ ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟಿದ್ದೇವೆ. ಇನ್ನೊಂದು ಸಭೆಗೆ ಹೋಗುವುದು ಯಾವಾಗ? ಮದುವೆ ಇದ್ದಾಗ, ಇಲ್ಲಾ ಯಾರಾದರೂ ತೀರಿಕೊಂಡಾಗ. ಅಲ್ವಾ?

ಅವತ್ತು ಬಳ್ಳಾರಿಯಲ್ಲಿ ಊಟ ಆದ ಮೇಲೆ ಅಲ್ಲಿನ ಪಾಸ್ಟರ್ ಹತ್ತಿರ ಕೇಳಿದೆ, "ಅಯ್ಯನವರೇ, ಲೆಕ್ಕ ಕೇಳಿದರೆ ಸೇವಕರಿಗೆ ಬೇಜಾರಾಗಲ್ವಾ?" ಅವರು ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯ ತೆಗೆದರು. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂದಾಗ, ಏಳು ಜನರನ್ನು ನೀವೇ ಆರಿಸಿಕೊಳ್ಳಿ ಅಂತ ಅಪೊಸ್ತಲರು ಸಭೆಗೇ ಬಿಟ್ಟರು. "ಆ ಏಳು ಹೆಸರು ಓದು" ಅಂದರು. ಓದಿದೆ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ... ಏಳೂ ಗ್ರೀಕ್ ಹೆಸರು! "ದೂರು ಹೇಳಿದವರ ಕಡೆಯವರ ಕೈಗೇ ಕೆಲಸ ಕೊಟ್ಟಂಗ ಕಾಣ್ತದ, ನೋಡು" ಅಂದರು. ಎಷ್ಟು ಸಲ ಓದಿದ ಭಾಗ ಅದು. ಇದು ನನಗೆ ಹೊಳೆದಿರಲಿಲ್ಲ.

ಅಪೊಸ್ತಲ ಪೌಲನೂ ಅಷ್ಟೇ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಕೆಲಸಕ್ಕೆ ಅವನು ತನ್ನ ಜೊತೆಗಾರ ತೀತನೊಬ್ಬನನ್ನೇ ಕಳಿಸಲಿಲ್ಲ. ಸಭೆಗಳು ಆರಿಸಿದ ಒಬ್ಬ ಸಹೋದರನನ್ನೂ ಜೊತೆಗೆ ಕಳಿಸಿದ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯ. ಪೌಲನಿಗೇ ಅದು ಬೇಕಿತ್ತು ಅಂದಮೇಲೆ ನನಗೆ ಬೇಡವಾ?

ಅಲ್ಲಿ ಎಲ್ಲವೂ ನನಗೆ ಒಪ್ಪಿಗೆ ಆಯಿತು ಅಂತಲ್ಲ. ಮೀಟಿಂಗ್ ಎರಡು ಗಂಟೆ ಎಳೆಯಿತು. ಗೇಟಿನ ಬಣ್ಣದ ಮೇಲೇ ಅರ್ಧ ಗಂಟೆ ಹೋಯಿತು, ಚಿಕ್ಕ ಮಕ್ಕಳು ಹಸಿದು ಅಳುತ್ತಿದ್ದವು. ಅಷ್ಟು ಮಾತಾಡುವ ಹೆಣ್ಣುಮಕ್ಕಳಿದ್ದರೂ ಸೇವಕರ ಪಟ್ಟಿಯಲ್ಲಿ ಒಬ್ಬರ ಹೆಸರೂ ಇಲ್ಲ. ಪೌಲನು ರೋಮಾಪುರಕ್ಕೆ ಬರೆದ ಪತ್ರದಲ್ಲಿ ಫೊಯಿಬೆಯನ್ನು ಕೆಂಖ್ರೆಯ ಸಭೆಯ ಸೇವಕಿ ಅನ್ನುತ್ತಾನೆ. ಅದನ್ನು ಅವರೂ ಯೋಚಿಸಬೇಕು, ನಾವೂ ಯೋಚಿಸಬೇಕು.

ಪಾಸ್ಟರುಗಳಿಗೆ, ಹಿರಿಯರಿಗೆ ನಾನು ಕೇಳಿಕೊಳ್ಳುವುದು ಒಂದೇ. ವರ್ಷಕ್ಕೆ ಒಂದು ಭಾನುವಾರ ನಿಮ್ಮ ಸೇವಕರನ್ನು ಬೇರೆ ಸಭೆಗೆ ಕಳಿಸಿ. ಭಾಷಣ ಮಾಡೋಕೆ ಕಳಿಸಬೇಡಿ, ಹಾರ ಹಾಕಿಸಿಕೊಳ್ಳೋಕೂ ಬೇಡ. ಆರಾಧನೆ ಮುಗಿದ ಮೇಲೂ ಅವರು ಅಲ್ಲೇ ಇರಲಿ. ಚಾಪೆ ಮಡಚೋರು ಯಾರು, ಬೀಗದ ಕೈ ಯಾರ ಹತ್ತಿರ ಇದೆ, ಹುಷಾರಿಲ್ಲದವರ ಮನೆಗೆ ಯಾರು ಹೋಗುತ್ತಾರೆ ಅಂತ ನೋಡಲಿ.

ಊರಿಗೆ ಬಂದ ಮೇಲಿನ ಭಾನುವಾರ ಚೀಲವನ್ನು ನಾನು ಮನೆಗೆ ಒಯ್ಯಲಿಲ್ಲ. ಸಂಡೇ ಸ್ಕೂಲ್ ಮೇಜನ್ನು ಮುಂದೆ ತಂದು ಇಟ್ಟೆ. ಇಬ್ಬರನ್ನು ಕರೆದೆ. ಒಬ್ಬ ನಮ್ಮ ಹಿರಿಯರ ಮಗ, ಇನ್ನೊಬ್ಬರು ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ. "ಯಾಕಣ್ಣಾ, ಏನಾತು?" ಅಂತ ಆ ಅಕ್ಕ ಗಾಬರಿಯಿಂದ ಕೇಳಿದರು. "ಏನೂ ಆಗಿಲ್ಲಕ್ಕಾ, ಕೂಡ್ರಿ" ಅಂದೆ. ಚಿಲ್ಲರೆ ಅವರ ಕಡೆ ಸರಿಸಿದೆ. ಮೊದಲ ಸಲ ನನಗೂ ಅವರಿಗೂ ಲೆಕ್ಕ ಹೊಂದಲಿಲ್ಲ, 20 ರೂಪಾಯಿ ವ್ಯತ್ಯಾಸ ಬಂತು. ತಪ್ಪು ನಂದೇ ಇತ್ತು. ತಿರುಗಿ ಎಣಿಸಿದೆವು.